ಐದು ಸೆಂಟಿಮೀಟರ್

ಬೆಳಗಿನ ಆರು ಗಂಟೆ. ದಾವಣಗೆರೆ ಹೈಸ್ಕೂಲ್ ಮೈದಾನದ ಧೂಳು
ಇಬ್ಬನಿಗೆ ಒದ್ದೆಯಾಗಿ ಇನ್ನೂ ಎದ್ದಿಲ್ಲ.
ನೂರಾ ಹನ್ನೆರಡು ಹುಡುಗರು ಬನಿಯನ್ನು ಬಿಚ್ಚಿ
ಸಾಲಾಗಿ ನಿಂತಿದ್ದಾರೆ,
ತೋಳಿನ ಮೇಲೆ ನೀಲಿ ಮಾರ್ಕರಿನ ನಂಬರು.
ನನ್ನ ಕೈಯಲ್ಲಿ ದರ್ಜಿಯ ಟೇಪು.

ಇಪ್ಪತ್ತೊಂಬತ್ತು ವರ್ಷ ನೀರಿನ ಪೈಪು ಹಿಡಿದ ಕೈ ಇದು.
ಮೊಣಕಾಲು ಹೋದ ಫೈರ್‌ಮನ್‌ಗೆ
ಇಲಾಖೆ ಇನ್ನೇನು ಕೊಟ್ಟೀತು?

ಎತ್ತರ ನೂರಾ ಅರವತ್ತೆಂಟು.
ಗೋಡೆಗೆ ಬೆನ್ನು ಹಚ್ಚು, ಹಿಮ್ಮಡಿ ಎತ್ತಬೇಡ,
ಎತ್ತಿದ್ದು ನನಗೆ ಕಾಣುತ್ತೆ.
ಕೂದಲೊಳಗೆ ಮೇಣ ಮೆತ್ತಿಕೊಂಡು ಬಂದಿದ್ದನೊಬ್ಬ,
ಬಾಚಣಿಗೆ ಆಡಿಸಿದರೆ ಅರ್ಧ ಇಂಚು
ನೆಲಕ್ಕೆ ಬಿತ್ತು, ಸಾಲೆಲ್ಲ ನಕ್ಕಿತು.
ಅವನೂ ನಕ್ಕ. ಆಮೇಲೆ ಗೇಟಿನ ಹೊರಗೆ
ಸೈಕಲ್ ಹಿಡಿದು ತುಂಬಾ ಹೊತ್ತು ನಿಂತೇ ಇದ್ದ.

ಹತ್ತನೇ ಕ್ಲಾಸಿನ ಮಾರ್ಕ್ಸ್‌ಕಾರ್ಡು, ವಯಸ್ಸು, ಕಣ್ಣು,
ಕೆಂಪು ಹಸಿರು ಬೇರೆ ಬೇರೆ ಕಾಣಬೇಕು,
ಹಗ್ಗ, ಓಟ, ಹೆಗಲ ಮೇಲೆ ಮರಳಿನ ಚೀಲ.
ಎಲ್ಲ ದಾಟಿದವರು ಕೊನೆಗೆ ನನ್ನ ಮುಂದೆ.
ಎದೆ: ಬಿಟ್ಟಾಗ ಎಷ್ಟು, ಎಳೆದಾಗ ಎಷ್ಟು.
ನಡುವೆ ಐದು ಸೆಂಟಿಮೀಟರ್ ಇರಬೇಕು.
ಸರ್ಕಾರ ಕೇಳುವ ಗಾಳಿ ಅಷ್ಟೇ.

ಎಪ್ಪತ್ತನೆಯವನು ಖಲಂದರ್,
ತಂದೆ ಬುಡೇನ್‌ಸಾಬ್, ಕಸುಬು ಮಂಡಕ್ಕಿ ಭಟ್ಟಿ.
ಅರ್ಜಿ ಓದಬೇಕಾಗಿರಲಿಲ್ಲ.
ಮುಂಗೈ ಕೂದಲು ಸುಟ್ಟು ನುಣುಪಾಗಿತ್ತು, ರೆಪ್ಪೆ ಅರ್ಧ,
ಬೆವರಿಗೆ ಕಾದ ಮರಳಿನ ವಾಸನೆ.
ಓಟದಲ್ಲಿ ಮೂರನೆಯವ. ಚೀಲ ಎತ್ತಿದ್ದು
ದಿಂಬು ಎತ್ತಿದ ಹಾಗೆ.

"ಉಸಿರು ಬಿಡು." ಎಂಬತ್ತಾರು.
"ಎಳಿ." ತೊಂಬತ್ತು.
"ಎಳಿಯೋ ತಮ್ಮಾ."
ತೊಂಬತ್ತು, ಮೇಲೊಂದು ಕೂದಲೆಳೆ.

ಆ ಓಣಿ ನನಗೆ ಗೊತ್ತು.
ಒಂದು ರಾತ್ರಿ ಹೊಟ್ಟಿನ ರಾಶಿಗೆ ಕಿಡಿ ಹಾರಿತ್ತು.
ನಮ್ಮ ಗಾಡಿ ತಿರುವಿನಲ್ಲೇ ಸಿಕ್ಕಿಕೊಂಡು
ನಾಲ್ಕು ಪೈಪು ಜೋಡಿಸಿ ಎಳೆದುಕೊಂಡು ಹೋದೆವು.
ದಾರಿ ತೋರಿಸಿದ್ದು ಒಂದು ಹರಕು ಚಡ್ಡಿ.
"ಬಗ್ಗ್ರಿ ಸಾರ್, ಕೆಳಗ ಗಾಳಿ ಐತಿ" ಅಂದಿತು ಚಡ್ಡಿ.
ತರಬೇತಿಯ ಎರಡನೇ ವಾರದ ಪಾಠ ಅದು:
ಹೊಗೆ ಮೇಲೇರುತ್ತದೆ, ನೆಲದ ಮೇಲೆ ಒಂದು ಗೇಣು ಉಳಿಯುತ್ತದೆ,
ತೆವಳು.
ಆ ಹುಡುಗ ಇವನೇ ಅಂತ ಹೇಳಲಾರೆ.
ಅಲ್ಲಿಯ ಮಕ್ಕಳಿಗೆಲ್ಲ ಅಷ್ಟು ಗೊತ್ತಿರುತ್ತದೆ.

ಭಟ್ಟಿಯಲ್ಲಿ ಬೆಳೆದವರು
ಉಸಿರು ಹಿಡಿಯುವುದನ್ನು ಕಲಿಯುತ್ತಾರೆ,
ಎಳೆಯುವುದನ್ನು ಯಾರೂ ಕಲಿಸುವುದಿಲ್ಲ.
ಎಳೆದರೆ ಬರುವುದೇನು, ಟೈರಿನ ಕರಿ, ಹೊಟ್ಟಿನ ಬೂದಿ.
ಅದಕ್ಕೇ ಚೂರು ಚೂರು ತಗೊಳ್ಳುತ್ತಾರೆ,
ಕಡ ತಂದ ಸಕ್ಕರೆಯ ಹಾಗೆ.
ಹಿಡಿದದ್ದನ್ನು ಅಳೆಯಲು
ನನ್ನ ಟೇಪಿಗೆ ಬರುವುದಿಲ್ಲ.

ಡಾಕ್ಟರು ಪೆನ್ನು ಎತ್ತಿ ಕಾಯುತ್ತಿದ್ದಾರೆ.
ಬೆರಳು ಸಡಿಲ ಬಿಟ್ಟರೆ ಆಯಿತು.
ಒಂದು ಸೆಂಟಿಮೀಟರ್ ಏನು ಮಹಾ,
ಬೆಲ್ಟಿನ ತೂತಿಗಿಂತ ಕಡಿಮೆ.
ಆದರೆ ಸಿಲಿಂಡರ್ ಹೊತ್ತು ಮೂರನೇ ಮಹಡಿ ಹತ್ತುವಾಗ
ಅದನ್ನು ಯಾರು ತುಂಬಿಕೊಡುತ್ತಾರೆ?
ನನ್ನ ಜೊತೆಗಾರ ತಿಪ್ಪೇಶಿ
ಅರ್ಧ ಮೆಟ್ಟಿಲಲ್ಲಿ ಕೂತವನು ಏಳಲಿಲ್ಲ.
ಅವನ ಎದೆ ಎಷ್ಟಿತ್ತೋ.
ಅಳೆದವನು ಯಾರೋ.

ಟೇಪು ಬಿಗಿಯಾಗೇ ಹಿಡಿದೆ.
ಕಿವಿಯ ಹತ್ತಿರ ಹೇಳಿದೆ:
"ಇಲ್ಲಿ ಹೊಗೆ ಇಲ್ಲಪ್ಪಾ. ನೋಡು,
ಬೇವಿನ ಮರ ಐತಿ, ಬೆಳಗಿನ ಗಾಳಿ ಐತಿ, ಪುಗಸಟ್ಟೆ ಐತಿ.
ಹೆದರಬೇಡ. ತಗೋ."

ಕಣ್ಣು ಮುಚ್ಚಿದ.
ಹೊಟ್ಟೆ ಒಳಗೆ ಹೋಯಿತು. ಪಕ್ಕೆಲುಬುಗಳು
ಬಹಳ ದಿನ ಮುಚ್ಚಿದ್ದ ಅಂಗಡಿಯ ಹಲಗೆಗಳ ಹಾಗೆ
ಒಂದೊಂದೇ ಸರಿದವು.
ಕೆಮ್ಮು ಗಂಟಲ ತನಕ ಬಂತು, ಅಲ್ಲೇ ತಡೆದ.
ನನ್ನ ಹೆಬ್ಬೆರಳ ಕೆಳಗೆ ಟೇಪು
ತೊಂಬತ್ತು ಬಿಟ್ಟು ಹೊರಟಿತು

"ಎಷ್ಟು?" ಅಂದರು ಡಾಕ್ಟರು.
"ಇರಿ ಸಾರ್," ಅಂದೆ,
"ಹುಡುಗ ಇನ್ನೂ ಎಳೀತಾ ಇದಾನೆ."